ಐಸ್ ಹಾಕಿದ ಡರ್ಟಿ ಚಾಯ್: ಬಾಟಲಿ ಬೇಡ, ಮನೆಯ ಫಿಲ್ಟರೇ ಸಾಕು

ಮಸಾಲೆ ಟೀಗೆ ಒಂದು ಶಾಟ್ ಎಸ್ಪ್ರೆಸೊ, ಅಂದರೆ ಮಷಿನ್‌ನಲ್ಲಿ ಇಳಿಸಿದ ಒಂದು ಗುಟುಕು ಗಟ್ಟಿ ಕಾಫಿ ಸುರಿದರೆ ಅದೇ ಡರ್ಟಿ ಚಾಯ್. ಅದಕ್ಕೆ ತಣ್ಣನೆ ಹಾಲು, ಐಸ್ ಸೇರಿಸಿ ಉದ್ದನೆ ಗ್ಲಾಸಿನಲ್ಲಿ ತಂದಿಟ್ಟರೆ ಬೆಂಗಳೂರಿನ ಕೆಫೆಗಳಲ್ಲಿ 300 ರೂಪಾಯಿ ಆಸುಪಾಸು ಬಿಲ್ ಆಗುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಕಾಫಿಪುಡಿ, ಟೀಪುಡಿ, ಏಲಕ್ಕಿ, ಮೆಣಸು ಎಲ್ಲವೂ ಡಬ್ಬಿಯಲ್ಲಿ ಕೂತಿರುವ ಮನೆಯವರು ಇದಕ್ಕೆ ಅಷ್ಟು ದುಡ್ಡು ಕೊಡಬೇಕಾ ಅನ್ನೋದು ನನ್ನ ತಕರಾರು. ಈ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಸಿಗುವ ಚಾಯ್ ಕಾನ್ಸೆಂಟ್ರೇಟ್ ಬಾಟಲಿಯನ್ನೂ, ನೊರೆ ಬರಿಸುವ ಬ್ಯಾಟರಿ ಕಡ್ಡಿಯನ್ನೂ ತರಿಸಿ, ಮನೆಯಲ್ಲೇ ಇದ್ದ ಸ್ಟೀಲ್ ಫಿಲ್ಟರಿನ ಜೊತೆ ಇಟ್ಟು ನೋಡಿದೆ. ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲು ಬಾಟಲಿ. ಹೆಸರು ಹೇಳಲ್ಲ, ಇಂಥ ಬಾಟಲಿಗಳು ಬೇಕಾದಷ್ಟಿವೆ. ಕೆಲಸವೇನೋ ಸುಲಭ. ಮುಚ್ಚಳ ತೆಗೆದು, ಅಳತೆಗೆ ಸುರಿದು, ಹಾಲು ಹಾಕಿದರೆ ಆಯ್ತು. ಆದರೆ ಲೇಬಲ್ ತಿರುಗಿಸಿ ಓದಿ. ನಮ್ಮಲ್ಲಿ ಪದಾರ್ಥಗಳ ಪಟ್ಟಿಯನ್ನು ತೂಕದ ಪ್ರಕಾರ ಬರೆಯಬೇಕು, ಯಾವುದು ಜಾಸ್ತಿಯೋ ಅದು ಮೊದಲು. ನಾನು ತರಿಸಿದ್ದರಲ್ಲಿ ಮೊದಲು ಇದ್ದದ್ದು ಸಕ್ಕರೆ, ಟೀ ಇದ್ದದ್ದು ಕೆಳಗೆ, ಮಸಾಲೆಯ ಜಾಗದಲ್ಲಿ ಬರೀ ಫ್ಲೇವರ್. ಹಾಲು ಸೇರಿಸಿ ಕುಡಿದರೆ ಮದುವೆ ಮನೆಯ ಪಾನಕದ ಹಾಗೆ ಸಿಹಿ. ಅದಕ್ಕೆ ಕಾಫಿ ಹಾಕಿದ ಕೂಡಲೇ ಟೀ ಅನ್ನೋದು ಪತ್ತೆಯೇ ಇಲ್ಲ, ಏಲಕ್ಕಿ ಪರಿಮಳದ ಸಿಹಿ ಕಾಫಿ ಮಾತ್ರ ಉಳಿಯುತ್ತದೆ. ಸಿಹಿ ಕಡಿಮೆ ಮಾಡೋಣ ಅಂತ ಬಾಟಲಿಯದ್ದು ಕಡಿಮೆ ಸುರಿದರೆ ಮಸಾಲೆಯೂ ಹೋಯಿತು. 5ಕ್ಕೆ 2 ಕೊಡುತ್ತೇನೆ, ಆ 2 ಕೂಡ ಸುಲಭಕ್ಕೆ ಕೊಟ್ಟದ್ದು.

ಕಾಫಿ ಟೀ ಬೆರೆಸೋದಾ ಅಂತ ಮೂಗು ಮುರಿಯುವವರು ನಮ್ಮ ಮನೆಯಲ್ಲೂ ಇದ್ದಾರೆ. ಹಾಂಗ್‌ಕಾಂಗಿನಲ್ಲಿ ಹಾಲು ಹಾಕಿದ ಟೀಗೆ ಕಾಫಿ ಬೆರೆಸಿ ಯುನ್‌ಯಂಗ್ ಅಂತ ಬಿಸಿಯಾಗಿಯೂ ಐಸ್ ಹಾಕಿಯೂ ದಿನಾ ಕುಡಿಯುತ್ತಾರೆ. ಕಾಫಿಯ ತವರಾದ ಇಥಿಯೋಪಿಯದಲ್ಲೂ ಎರಡನ್ನೂ ಒಂದೇ ಗ್ಲಾಸಿಗೆ ಹಾಕಿ ಸ್ಪ್ರಿಸ್ ಅನ್ನುತ್ತಾರೆ. ಹಾಗಾಗಿ ಮಡಿ ಮೈಲಿಗೆ ಏನೂ ಇಲ್ಲ, ಹದ ಗೊತ್ತಿರಬೇಕು ಅಷ್ಟೇ.

ಈಗ ಫಿಲ್ಟರ್. ಎಸ್ಪ್ರೆಸೊ ಮಷಿನ್ ಇಲ್ಲ ಅಂತ ಹೊರನಾಡಿನವರು ಇನ್‌ಸ್ಟಂಟ್ ಕಾಫಿ ಕಲಸಿಕೊಳ್ಳುತ್ತಾರೆ, ನಮಗೆ ಆ ಕಷ್ಟ ಇಲ್ಲ. ಗಟ್ಟಿ ಡಿಕಾಕ್ಷನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೂರು ದೊಡ್ಡ ಚಮಚ ಪುಡಿಗೆ 120 ಎಂ.ಎಲ್. ಕುದಿಯುವ ನೀರು, ಅದಕ್ಕಿಂತ ಜಾಸ್ತಿ ಬೇಡ. ಮೊದಲ ಡಿಕಾಕ್ಷನ್ ಮಾತ್ರ ಉಪಯೋಗಿಸಿ, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ಐಸಿನ ಮುಂದೆ ನಿಲ್ಲುವುದಿಲ್ಲ. ಪುಡಿಯನ್ನು ಒತ್ತುವ ತಟ್ಟೆಯಿಂದ ಹಗುರವಾಗಿ ಒತ್ತಿ ಸಮ ಮಾಡಿದರೆ ಸಾಕು. ಜೋರಾಗಿ ಅದುಮಿದರೆ ಬೆಳಿಗ್ಗೆ ನೋಡುವಾಗ ನೀರೆಲ್ಲ ಮೇಲೆಯೇ ನಿಂತಿರುತ್ತದೆ, ಆಮೇಲೆ ಚಮಚದಿಂದ ಫಿಲ್ಟರಿನ ಪಕ್ಕಕ್ಕೆ ತಟ್ಟುತ್ತಾ ಕೂರಬೇಕು. ರಾತ್ರಿ ಹಾಕಿಟ್ಟು ಮಲಗಿದರೆ ಬೆಳಿಗ್ಗೆ ಕೆಳಗಿನ ಡಬ್ಬಿಯಲ್ಲಿ ಕಪ್ಪಗೆ ಹೊಳೆಯುವ ಡಿಕಾಕ್ಷನ್ ತಣ್ಣಗಾಗಿಯೇ ಸಿಗುತ್ತದೆ, ಈ ಪಾನೀಯಕ್ಕೆ ಅದೇ ಅನುಕೂಲ. ಬಿಸಿ ಡಿಕಾಕ್ಷನ್ ಐಸಿನ ಮೇಲೆ ಸುರಿದರೆ ಅರ್ಧ ಐಸ್ ಅಲ್ಲೇ ಕರಗಿ ನೀರು ನೀರಾಗುತ್ತದೆ.

ಪುಡಿಯ ವಿಷಯ ಸ್ವಲ್ಪ ಉದ್ದ ಹೇಳಬೇಕು. ಚಿಕೋರಿ ಅಂದರೆ ಕಲಬೆರಕೆ ಅನ್ನುವವರಿದ್ದಾರೆ, ಅದು ಹಾಗಲ್ಲ. ನಮ್ಮ ಆಹಾರ ನಿಯಮದ ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು. ಬಿಸಿ ಕಾಫಿಗೆ ನಿಮ್ಮ ಮನೆಯಲ್ಲಿ 70:30 ಇದ್ದರೂ ಇದಕ್ಕೆ 80:20 ತನ್ನಿ. 60:40 ಹಾಕಿದರೆ ಆ ಸುಟ್ಟ ಸಿಹಿ ರುಚಿ ಟೀಯನ್ನು ನುಂಗಿಬಿಡುತ್ತದೆ. ಪೂರ್ತಿ ಶುದ್ಧ ಕಾಫಿ, ಅದರಲ್ಲೂ ಹಗುರವಾಗಿ ಹುರಿದ ಅರೇಬಿಕಾ ಹಾಕಿದರೆ ಅದರ ನಾಜೂಕು ಘಮ ಎಲ್ಲ ಲವಂಗ ಚಕ್ಕೆಯ ಕೈಗೆ ಸಿಕ್ಕಿ ದಂಡ, ಸುಮ್ನೆ ದುಬಾರಿ ಪುಡಿ ಹಾಳು. ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಹತ್ತಿರ ಇದ್ದರೆ, ಪ್ಲಾಂಟೇಶನ್ (ತೊಳೆದು ಒಣಗಿಸಿದ ಅರೇಬಿಕಾ) ಅಥವಾ ಪೀಬೆರಿ (ಹಣ್ಣಿನೊಳಗೆ ಒಂದೇ ಆಗಿ ಬೆಳೆದ ದುಂಡು ಬೀಜ) ಜೊತೆಗೆ ಕಾಲು ಭಾಗ ರೋಬಸ್ಟಾ ಸೇರಿಸಿ ಅಂತ ಹೇಳಿ. ರೋಬಸ್ಟಾ ಬಗ್ಗೆ ಕೆಲವರಿಗೆ ತಾತ್ಸಾರ, ಆದರೆ ಹಾಲು, ಐಸ್, ಮಸಾಲೆ ಮೂರನ್ನೂ ದಾಟಿ ನಾಲಿಗೆಗೆ ಬರುವ ಕಹಿ ಅದರದ್ದೇ. ಫಿಲ್ಟರಿಗೆ ನನ್ನ ಲೆಕ್ಕದಲ್ಲಿ 5ಕ್ಕೆ ನಾಲ್ಕೂವರೆ. ಕೆಳಗಿನ ತೂತುಗಳನ್ನು ಆಗಾಗ ಬ್ರಷ್ ಹಾಕಿ ತಿಕ್ಕಬೇಕಲ್ಲ, ಆ ಕಾಟಕ್ಕೆ ಅರ್ಧ ಕಳೆದೆ.

ಅಸಲಿ ಕೆಲಸ ಇರುವುದು ಟೀಯಲ್ಲಿ. ದಿನಾ ಮಾಡುವ ಹಾಗೆ ಹಾಲಿನಲ್ಲಿ ಟೀ ಕುದಿಸಿ ಫ್ರಿಜ್‌ನಲ್ಲಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಕುಡಿಯುವಾಗ ಸ್ಟ್ರಾಗೆ ಸಿಕ್ಕಿಕೊಂಡು ಬೇಜಾರು. ಹಾಲಿಲ್ಲದೆ ನೀರಿನಲ್ಲೇ ಗಟ್ಟಿಯಾಗಿ ಮಾಡಿಡಿ. 400 ಎಂ.ಎಲ್. ನೀರಿಗೆ ಏಲಕ್ಕಿ ಆರು, ಲವಂಗ ನಾಲ್ಕು, ಮೆಣಸಿನಕಾಳು ಎಂಟು ಹತ್ತು, ಬೆರಳಿನ ಗೆಣ್ಣಿನಷ್ಟು ಚಕ್ಕೆ, ಅಷ್ಟೇ ಹಸಿ ಶುಂಠಿ. ಎಲ್ಲವನ್ನೂ ಕುಟ್ಟಾಣಿಯಲ್ಲಿ ಒಡೆದು ಹಾಕಿ, ನುಣ್ಣಗೆ ಪುಡಿ ಮಾಡಬೇಡಿ, ಗ್ಲಾಸಿನ ತಳದಲ್ಲಿ ಮರಳು ಮರಳಾಗಿ ಕೂರುತ್ತದೆ. ಸಣ್ಣ ಉರಿಯಲ್ಲಿ ಎಂಟು ನಿಮಿಷ ಮಸಾಲೆ ಮಾತ್ರ ಕುದಿಯಲಿ. ಆಮೇಲೆ ಒಲೆ ಆರಿಸಿ, ನಾಲ್ಕು ಚಮಚ ಟೀಪುಡಿ ಹಾಕಿ ಮುಚ್ಚಿಡಿ. ನಾಲ್ಕು ನಿಮಿಷಕ್ಕೆ ಸೋಸಿ. ಸೋಸುವಾಗ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ, ಒಗರೆಲ್ಲ ಇಳಿದುಬಿಡುತ್ತದೆ. ಬಿಸಿ ಟೀಯಲ್ಲಿ ಆ ಒಗರು ನಡೆಯುತ್ತದೆ, ಇಲ್ಲಿ ಡಿಕಾಕ್ಷನ್ನಿನ ಕಹಿಯೂ ಸೇರುವುದರಿಂದ ಬಾಯಿ ಬಿಗಿದ ಹಾಗಾಗುತ್ತದೆ.

ಶುಂಠಿಯನ್ನು ನೀರಿನಲ್ಲಿ ಕುದಿಸಿಯೇ ಹಾಕಬೇಕು. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಒಂದು ಕಿಣ್ವ ಇದೆ, ಕುದಿಸಿದರೆ ಅದರ ಆಟ ಮುಗಿಯುತ್ತದೆ. ಮಿಕ್ಸಿಯಲ್ಲಿ ರುಬ್ಬಿದ ಹಸಿ ಶುಂಠಿ ರಸವನ್ನು ನೇರ ಹಾಲಿಗೆ ಸುರಿಯುವ ರೆಸಿಪಿ ವಿಡಿಯೋಗಳನ್ನು ನೋಡಿ ಮೋಸಹೋಗಬೇಡಿ.

ಟೀಪುಡಿ ಯಾವುದು ಅಂದರೆ, ಕಾಳು ಕಾಳಾಗಿರುವ ಅಸ್ಸಾಂ ಸಿಟಿಸಿ. ನೀಲಗಿರಿ ಟೀ ತಣ್ಣಗಾದರೂ ತಿಳಿಯಾಗಿಯೇ ಇರುತ್ತದೆ, ಅದಕ್ಕೇ ಐಸ್ ಟೀಗೆ ಅದಕ್ಕೆ ಒಳ್ಳೆ ಹೆಸರು. ಅಸ್ಸಾಂ ಟೀ ಫ್ರಿಜ್‌ನಲ್ಲಿಟ್ಟರೆ ಮಂಕಾಗುತ್ತದೆ, ಕೆಸರು ನೀರಿನ ಬಣ್ಣ. ಹೆದರಬೇಡಿ, ಕೆಟ್ಟಿಲ್ಲ. ಹೇಗೂ ಹಾಲು ಹಾಕುತ್ತೇವಲ್ಲ, ಇಲ್ಲಿ ತಿಳಿ ಯಾರಿಗೆ ಬೇಕು? ಡಿಕಾಕ್ಷನ್ ಎದುರು ನಿಲ್ಲುವ ಕಸುವು ಅಸ್ಸಾಮಿಗೇ ಇರೋದು.

ಸಿಹಿ ಬಿಸಿಯಿರುವಾಗಲೇ ಹಾಕಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಮಸಾಲೆಯೂ ಅಷ್ಟೇ, ಹಾಗಾಗಿ ಬಿಸಿ ಟೀಗೆ ಹಾಕುವುದಕ್ಕಿಂತ ಎರಡನ್ನೂ ಒಂದು ಕೈ ಜಾಸ್ತಿ ಹಾಕಬೇಕು. ನನ್ನ ಆಯ್ಕೆ ಸಕ್ಕರೆ ಅಲ್ಲ, ಜೋನಿ ಬೆಲ್ಲ. ಮಲೆನಾಡು, ಉತ್ತರ ಕನ್ನಡದ ಕಡೆ ನೆಂಟರಿದ್ದರೆ ಒಂದು ಡಬ್ಬಿ ತರಿಸಿಕೊಳ್ಳಿ. ನೀರಾಗಿಯೇ ಇರುವುದರಿಂದ ತಣ್ಣನೆ ಗ್ಲಾಸಿನಲ್ಲೂ ಬೆರೆಯುತ್ತದೆ, ಆಲೆಮನೆಯ ಆ ಘಮ ಕಾಫಿಯ ಕಹಿಗೆ ಬಹಳ ಹೊಂದುತ್ತದೆ. ಬೆಲ್ಲ ಹಾಕಿದ ಮೇಲೆ ಹಾಲನ್ನು ಬಿಸಿ ಮಾಡಲು ಹೋಗಬೇಡಿ, ಒಡೆಯಬಹುದು. ತಣ್ಣನೆ ಹಾಲಿಗೆ ಆ ಭಯ ಕಡಿಮೆ.

ಹಾಲು ನಂದಿನಿ ನೀಲಿ ಪ್ಯಾಕೆಟ್ ಆದರೆ 3% ಕೊಬ್ಬು, ಐಸ್ ಕರಗುತ್ತಾ ಬಂದ ಹಾಗೆ ತೆಳ್ಳಗೆ ಅನ್ನಿಸುತ್ತದೆ. 6% ಇರುವ ಸಮೃದ್ಧಿ ತಂದರೆ ಕೊನೆಯ ಗುಟುಕಿನವರೆಗೂ ಗಟ್ಟಿ. ಕಾಯಿಸಿ ಆರಿಸಿದ ಹಾಲನ್ನು ಒಮ್ಮೆ ಸೋಸಿಕೊಳ್ಳುವುದು ಮರೀಬೇಡಿ.

ಬೆರೆಸುವುದು ಹೀಗೆ. ಗ್ಲಾಸ್ ತುಂಬ ಐಸ್, ಅದರ ಮೇಲೆ 100 ಎಂ.ಎಲ್. ಮಸಾಲೆ ಟೀ, ಅಷ್ಟೇ ತಣ್ಣನೆ ಹಾಲು, ಕೊನೆಗೆ 30ರಿಂದ 40 ಎಂ.ಎಲ್. ಡಿಕಾಕ್ಷನ್. ನಿಧಾನಕ್ಕೆ ಸುರಿದರೆ ಡಿಕಾಕ್ಷನ್ ಸ್ವಲ್ಪ ಹೊತ್ತು ಮೇಲೆಯೇ ನಿಂತು, ಆಮೇಲೆ ಐಸ್ ತುಂಡುಗಳ ಸಂದಿಯಲ್ಲಿ ಕಂದು ಎಳೆ ಎಳೆಯಾಗಿ ಹಾಲಿಗೆ ಇಳಿಯುತ್ತದೆ. ಫೋಟೋ ಹುಚ್ಚಿರುವವರಿಗೆ ಇದೇ ಸಮಯ. ಡಿಕಾಕ್ಷನ್ 50 ದಾಟಿದರೆ ಅದು ಐಸ್ ಕಾಫಿ, ಟೀ ಕುದಿಸಿದ್ದೆಲ್ಲ ದಂಡ. ನಿಧಾನವಾಗಿ ಕುಡಿಯುವವರು ಉಳಿದ ಡಿಕಾಕ್ಷನ್ನನ್ನೋ ಟೀಯನ್ನೋ ಐಸ್ ಟ್ರೇಗೆ ಹಾಕಿಟ್ಟುಕೊಳ್ಳಿ, ಕರಗಿದರೂ ನೀರಾಗುವುದಿಲ್ಲ.

ಬ್ಯಾಟರಿ ಕಡ್ಡಿ ಬಗ್ಗೆ ಜಾಸ್ತಿ ಬರೆಯುವಂಥದ್ದು ಏನೂ ಇಲ್ಲ. ಬೇಡ. ತಣ್ಣನೆ ಹಾಲನ್ನು ಮುಚ್ಚಳವಿರುವ ಬಾಟಲಿಗೆ ಹಾಕಿ ಅರ್ಧ ನಿಮಿಷ ಅಲ್ಲಾಡಿಸಿದರೆ ಅಷ್ಟೇ ನೊರೆ ಬರುತ್ತದೆ. ಬಾಟಲಿ ಜಾಮ್‌ನದ್ದಾಗಿರಲಿ, ಉಪ್ಪಿನಕಾಯಿಯದ್ದು ಎಷ್ಟು ತೊಳೆದರೂ ಇಂಗಿನ ವಾಸನೆ ಬಿಡೋದಿಲ್ಲ.

ಖರ್ಚು ಮನೆಯಲ್ಲಿ ಒಂದು ಗ್ಲಾಸಿಗೆ 30 ರೂಪಾಯಿ ಒಳಗೇ ಮುಗಿಯುತ್ತದೆ. ಹಾಲಿಲ್ಲದ ಮಸಾಲೆ ಟೀ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಡಿಕಾಕ್ಷನ್ ಮಾತ್ರ ಮರುದಿನಕ್ಕೇ ಘಮ ಕಳೆದುಕೊಳ್ಳುತ್ತದೆ. ಒಂದೇ ಗ್ಲಾಸಿನಲ್ಲಿ ಕಾಫಿ, ಟೀ ಎರಡರ ಕೆಫೀನ್ ಇರುವುದರಿಂದ ಸಂಜೆ ಐದರ ಮೇಲೆ ಕುಡಿದು ನಿದ್ದೆ ಬರಲಿಲ್ಲ ಅಂತ ನನ್ನನ್ನು ಬೈಯಬೇಡಿ.

ಪಿಜಿಯಲ್ಲಿ ಇರುವವರು, ಒಲೆ ಇಲ್ಲ, ನಮಗೆ ಬಾಟಲಿಯೇ ಗತಿ ಅಂದುಕೊಳ್ಳಬೇಡಿ. ಎಲೆಕ್ಟ್ರಿಕ್ ಕೆಟಲ್ ಇದ್ದರೆ ಡಿಕಾಕ್ಷನ್ನಿಗೆ ಅಷ್ಟೇ ಸಾಕು. ಕುಟ್ಟಿದ ಮಸಾಲೆಯನ್ನು ಫ್ಲಾಸ್ಕಿಗೆ ಹಾಕಿ, ಕುದಿಯುವ ನೀರು ಸುರಿದು ಅರ್ಧ ಗಂಟೆ ಮುಚ್ಚಿಡಿ, ಕೊನೆಯ ನಾಲ್ಕು ನಿಮಿಷಕ್ಕೆ ಟೀ ಬ್ಯಾಗ್ ಎರಡು ಮೂರು ಇಳಿಬಿಡಿ. ಒಲೆಯ ಮೇಲೆ ಕುದಿಸಿದಷ್ಟು ಖಾರ ಬರುವುದಿಲ್ಲ, ಮೆಣಸು ನಾಲ್ಕು ಕಾಳು ಜಾಸ್ತಿ ಹಾಕಿಕೊಳ್ಳಿ. ಶುಂಠಿ ಇಲ್ಲಿ ಹಸಿ ಬೇಡ, ಒಣಶುಂಠಿ ಹಾಕಿ, ಹಾಲು ಒಡೆಯುವ ಚಿಂತೆ ಇರುವುದಿಲ್ಲ.