ಹಿಮ್ಜೊ ಪೊಲೊವಿನಾ ಹಾಡುಗಳ ಸಂಕಲನ: ದನಿಗೆ ಪೂರ್ಣ ಅಂಕ, ಸಂಪಾದನೆಗೆ ಅರ್ಧ

ಬೋಸ್ನಿಯಾದ ಸೆವ್ದಾಲಿಂಕಾ ಗಾಯಕ ಹಿಮ್ಜೊ ಪೊಲೊವಿನಾ ಅವರ ಆಯ್ದ ಹಾಡುಗಳ ಸಂಕಲನವೊಂದು ಸ್ಟ್ರೀಮಿಂಗ್ ಸೇವೆಯಲ್ಲಿ ಲಭ್ಯವಿದ್ದು, ಅದನ್ನು ನಡುವೆ ಹಾಡು ದಾಟಿಸದೆ ಮೊದಲಿನಿಂದ ಕೊನೆಯವರೆಗೆ ಹಲವು ಬಾರಿ ಕೇಳಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಗಾಯಕರ ಮಟ್ಟಿಗೆ ದೂರುವಂಥದ್ದು ಇಲ್ಲಿ ಬಹಳ ಕಡಿಮೆ. ಸಂಕಲನ ಸಿದ್ಧಪಡಿಸಿದವರ ಬಗ್ಗೆ ಅದೇ ಮಾತು ಹೇಳುವಂತಿಲ್ಲ. ಇಂಥ ಗಾಯಕರನ್ನು ಹೊಸ ಕೇಳುಗರ ಮುಂದೆ ಇಡುವಾಗ ಒಂದು ಸಾಲಿನ ಪರಿಚಯವೂ ಬೇಡವೆಂದು ಅವರಿಗೆ ಏಕೆ ತೋರಿತೋ ತಿಳಿಯದು.

ಆ ಕೊರತೆಯನ್ನು ಮೊದಲು ಸ್ವಲ್ಪ ತುಂಬಿಕೊಡುತ್ತೇನೆ. ಸೆವ್ದಾಲಿಂಕಾ ಎಂಬುದು ಒಟ್ಟೊಮನ್ ಆಳ್ವಿಕೆಯ ಕಾಲದಲ್ಲಿ ಬೋಸ್ನಿಯಾದ ಪಟ್ಟಣಗಳಲ್ಲಿ ಬೆಳೆದ ಪ್ರೇಮಗೀತೆಗಳ ಪರಂಪರೆ. ಗೋಡೆಯಾಚೆಯ ಹೂದೋಟ, ಕಿಟಕಿಯ ಮರೆಯಲ್ಲಿ ನಿಂತ ಹುಡುಗಿ, ಮಗನ ಮದುವೆಗೆ ಒಪ್ಪದ ತಾಯಿ, ಊರು ಬಿಟ್ಟು ಹೊರಟವನ ಸಂಕಟ, ಇವೇ ಅದರ ವಸ್ತುಗಳು. 2024ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ಹಾಡುಗಳಲ್ಲಿ ಅನೇಕವು ಪೂರ್ತಿ ಅಪರಿಚಿತವೆನಿಸುವುದಿಲ್ಲ. ತುರ್ಕಿ ಮತ್ತು ಅರಬ್ ಸಂಗೀತದ ಹಿಜಾಜ್ ಸ್ವರಕ್ರಮ ಇವುಗಳಲ್ಲಿ ಆಗಾಗ ಬರುತ್ತದೆ. ಅದರ ಆರಂಭದ ನಾಲ್ಕು ಸ್ವರಗಳ ಜೋಡಣೆ ಹೆಚ್ಚುಕಡಿಮೆ ನಮ್ಮ ಮಾಯಾಮಾಳವಗೌಳ ರಾಗದ ಪೂರ್ವಾಂಗವೇ, ಅಂದರೆ ಮೊದಲರ್ಧವೇ, ಆಗಿರುವುದರಿಂದ, ಭಾಷೆ ತಿಳಿಯದಿದ್ದರೂ ಕಿವಿ ಹಿಡಿದುಕೊಳ್ಳಲು ಒಂದು ಆಧಾರ ಸಿಗುತ್ತದೆ.

ಪೊಲೊವಿನಾ 1927ರಲ್ಲಿ ಮೊಸ್ತಾರ್ ಪಟ್ಟಣದಲ್ಲಿ ಹುಟ್ಟಿದವರು. ವೈದ್ಯಶಾಸ್ತ್ರ ಓದಿ, ನರ ಮತ್ತು ಮನೋರೋಗಗಳ ತಜ್ಞರಾಗಿ ಸರಾಯೆವೊದ ಯಾಗೊಮೀರ್ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. 1950ರ ದಶಕದಲ್ಲಿ ಸರಾಯೆವೊ ರೇಡಿಯೊದಲ್ಲಿ ಹಾಡತೊಡಗಿ, ಆ ಕೇಂದ್ರ, ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದ ಮನೆಮನೆಗೂ ತಲುಪಿಸಿದ ಗಾಯಕರ ತಲೆಮಾರಿನಲ್ಲಿ ಒಬ್ಬರಾದರು. ಹೆಸರು ಬಂದ ಮೇಲೂ ಅವರು ವೈದ್ಯವೃತ್ತಿಯನ್ನು ಬಿಡಲಿಲ್ಲ. ಹಳೆಯ ಹಾಡುಗಳನ್ನು ಹಿರಿಯರ ಬಾಯಿಂದ ಕೇಳಿ ಸಂಗ್ರಹಿಸುವುದು ಅವರ ಮತ್ತೊಂದು ಕೆಲಸವಾಗಿತ್ತು. 1986ರ ಆಗಸ್ಟ್ 5ರಂದು, ಮೊಂಟೆನೆಗ್ರೊದ ಪ್ಲಾವ್ ಎಂಬ ಸಣ್ಣ ಪಟ್ಟಣದಲ್ಲಿ ತೀರಿಕೊಂಡಾಗ ಅವರಿಗೆ 59 ವರ್ಷ.

ವೈದ್ಯರೆಂಬ ಕಾರಣಕ್ಕೆ ಅವರ ಹಾಡಿನಲ್ಲಿ ಚಿಕಿತ್ಸೆಯ ಗುಣವಿದೆ ಎಂದು ಬರೆಯುವ ಚಾಳಿಯೊಂದಿದೆ. ನನಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಅವರ ಗುಣವನ್ನು ಹಾಡುಗಾರಿಕೆಯಲ್ಲೇ ತೋರಿಸಬಹುದು. ಅದೇ ಪರಂಪರೆಯ ಸಾಫೆತ್ ಇಸೊವಿಚ್ ಅವರದು ಸಭಾಂಗಣ ತುಂಬುವ ದೊಡ್ಡ ಕಂಠ. ಎತ್ತರದ ಸ್ವರವನ್ನು ಹಿಡಿದು ನಿಲ್ಲಿಸಿ, ಕೇಳುಗರಿಂದ ಚಪ್ಪಾಳೆ ಪಡೆದೇ ಕೆಳಗಿಳಿಯುವ ಧಾಟಿ. ಪೊಲೊವಿನಾ ಆ ದಾರಿ ಹಿಡಿಯುವುದಿಲ್ಲ. ಸಾಲಿನ ಅಂತ್ಯ ಬಂದಾಗ, ಬೇರೆಯವರು ಸ್ವರವನ್ನು ಎಳೆಯುವ ಜಾಗದಲ್ಲಿ, ಅವರು ದನಿಯನ್ನು ತಗ್ಗಿಸಿ ಮಾತಿನ ಹತ್ತಿರಕ್ಕೆ ತರುತ್ತಾರೆ. ಗಮಕದಂಥ ಬಳುಕುಗಳು ಇವೆ, ಆದರೆ ಪದದ ಮೇಲೆ ಹೊರೆಯಾಗುವುದಿಲ್ಲ. ಪದಗಳು ಒಂದೊಂದಾಗಿ ಎಷ್ಟು ಬಿಡಿಯಾಗಿ ಕೇಳಿಸುತ್ತವೆಂದರೆ, ಬೋಸ್ನಿಯನ್ ಭಾಷೆಯ ಗಂಧವಿಲ್ಲದ ನಾನೂ ಮೂರನೆಯ ಸಲ ಕೇಳುವ ಹೊತ್ತಿಗೆ ಮುದ್ರಿತ ಸಾಹಿತ್ಯವನ್ನು ಬೆರಳಿಟ್ಟು ಹಿಂಬಾಲಿಸಬಲ್ಲವನಾದೆ.

ಸಂಕಲನದ ಶಿಖರ, ಊಹಿಸಬಹುದಾದಂತೆ, ‘ಎಮಿನಾ’. ಇದರ ಸಾಹಿತ್ಯ ಮೊಸ್ತಾರಿನವರೇ ಆದ ಕವಿ ಅಲೆಕ್ಸಾ ಶಾಂತಿಚ್ ಅವರದು, 1902ರಲ್ಲಿ ಬರೆದದ್ದು. ಊರಿನ ಸಾರ್ವಜನಿಕ ಸ್ನಾನಗೃಹದಿಂದ ಮನೆಗೆ ಮರಳುತ್ತಿರುವ ಕವಿ ಇಮಾಮರ ತೋಟದ ಬಳಿ ಹಾದುಹೋಗುವಾಗ, ಮಲ್ಲಿಗೆಯ ನೆರಳಲ್ಲಿ ಹೂಜಿ ಹಿಡಿದು ನಿಂತ ಎಮಿನಾಳನ್ನು ಕಾಣುತ್ತಾನೆ, ಸಲಾಂ ಹೇಳುತ್ತಾನೆ. ಆಕೆ ಕಿವಿಗೆ ಹಾಕಿಕೊಳ್ಳದೆ ಗುಲಾಬಿಗಳಿಗೆ ನೀರೆರೆಯಲು ಹೊರಟುಬಿಡುತ್ತಾಳೆ. ನಡೆಯುವುದು ಇಷ್ಟೇ. ಕವಿ ಸರ್ಬಿಯನ್ ಆರ್ಥೊಡಾಕ್ಸ್ ಕುಟುಂಬದವರು, ಎಮಿನಾ ನೆರೆಯ ಇಮಾಮರ ಮಗಳು. ಆದರೂ ಹಾಡು ಮೊಸ್ತಾರಿನ ಎಲ್ಲರದೂ ಆಯಿತು, ಆಕೆಯ ಪ್ರತಿಮೆಯೂ ಈಗ ಆ ಊರಿನಲ್ಲಿದೆ.

ಪೊಲೊವಿನಾ ಅವರ ಗಾಯನದಲ್ಲಿ ಶಾಂತಿಚ್ ಬರೆಯದ ಒಂದು ಚರಣವಿದೆ. ನಿಜಜೀವನದ ಎಮಿನಾ ತೀರಿಕೊಂಡ ಸುದ್ದಿಯನ್ನು ಪೊಲೊವಿನಾ ಅವರೇ ಮೊಸ್ತಾರಿನ ಕವಯಿತ್ರಿ ಸೆವ್ದಾ ಕಾತಿತ್ಸಾ ಅವರಿಗೆ ತಿಳಿಸಿದಾಗ, ಆಕೆಯ ಬಾಯಿಂದ ಆ ಸಾಲುಗಳು ಹೊರಟವೆಂದು ಹೇಳುತ್ತಾರೆ. ಕವಿಯೂ ಇಲ್ಲ, ಎಮಿನಾಳೂ ಇಲ್ಲ, ಮಲ್ಲಿಗೆಯ ತೋಟ ಪಾಳುಬಿದ್ದಿದೆ ಎಂಬುದು ಅದರ ಭಾವ. ಈ ಚರಣಕ್ಕೆ ಬಂದಾಗ ದನಿಯಲ್ಲಿ ಬಿಕ್ಕು ಬರಿಸುವುದು ಸುಲಭವಿತ್ತು, ಮತ್ತು ಈಚಿನ ಅನೇಕ ಗಾಯಕರು ಬರಿಸುತ್ತಾರೆ ಕೂಡ. ಪೊಲೊವಿನಾ ಮಾತ್ರ ಹಿಂದಿನ ಚರಣಗಳನ್ನು ಹಾಡಿದ ನಡೆಯಲ್ಲೇ ಇದನ್ನೂ ಹಾಡುತ್ತಾರೆ. ಹುಡುಗಿ ನೀರೆರೆದದ್ದು ಹೇಗೆ ಒಂದು ಸಂಗತಿಯೋ ತೋಟ ಒಣಗಿದ್ದೂ ಹಾಗೆಯೇ ಒಂದು ಸಂಗತಿ ಎಂಬಂತೆ. ನಮ್ಮ ಭಾವಗೀತೆಯ ಒಳ್ಳೆಯ ಗಾಯಕರು ಕವಿಯ ಸಾಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರಲ್ಲ, ಆ ಸಂಯಮ ಇದು.

‘ಅಜ್ರಾ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಹಾಡು ಮೂಲತಃ ಜರ್ಮನ್ ಕವಿ ಹೈನೆ ಅವರ ಕವಿತೆ. ಕಾರಂಜಿಯ ಬಳಿ ಸಂಜೆ ಸಂಜೆ ಸುಳಿಯುವ ಸುಲ್ತಾನನ ಮಗಳು, ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುವ ಯುವಕ ಗುಲಾಮ, ಪ್ರೀತಿಸಿದರೆ ಸಾಯುವ ಕುಲ ತನ್ನದೆಂಬ ಅವನ ಉತ್ತರ: ಬೋಸ್ನಿಯಾದವರು ಇದನ್ನು ತಮ್ಮದೇ ಹಳೆಯ ಹಾಡೆಂಬಷ್ಟು ಒಳಗೆ ಬಿಟ್ಟುಕೊಂಡಿದ್ದಾರೆ. ಇಲ್ಲಿ ಗತಿ ಬಹಳ ನಿಧಾನ. ಅವಸರದ ಕೇಳುಗರಿಗೆ ತಾಳ್ಮೆ ಸಾಲದೇ ಹೋಗಬಹುದು. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ‘ಪುತ್ ಪುತುಯೆ ಲಾತಿಫ್-ಆಗಾ’. ಬಾನ್ಯಾ ಲೂಕಾ ಬಿಟ್ಟು ಹೊರಟ ಲಾತಿಫ್ ಜೊತೆಗಾರ ಸುಲೈಮಾನನನ್ನು, ನಿನಗೆ ಆ ಊರಿಗಾಗಿ, ಅಲ್ಲಿಯ ವನಭೋಜನಗಳಿಗಾಗಿ ನೋವಾಗುವುದಿಲ್ಲವೇ ಎಂದು ಕೇಳುವ ಹಾಡು. ಪ್ರಶ್ನೆ ಕೇಳುವವನಿಗೇ ನೋವು ಹೆಚ್ಚೆಂಬುದನ್ನು ಪೊಲೊವಿನಾ ಸ್ವರವನ್ನು ಏರಿಸದೆ ತಿಳಿಸುತ್ತಾರೆ.

ಹಿನ್ನೆಲೆಯಲ್ಲಿ ಮುಖ್ಯವಾಗಿ ಅಕಾರ್ಡಿಯನ್ ಇದೆ, ಕೆಲವೆಡೆ ಪಿಟೀಲುಗಳಿಂದ ಕೂಡಿದ ವಾದ್ಯವೃಂದವೂ ಇದೆ. ಚಿಕ್ಕ ಮೇಳದ ಮುದ್ರಣಗಳೇ ನನ್ನ ಮಟ್ಟಿಗೆ ಮೇಲು. ಅವುಗಳಲ್ಲಿ ಗಾಯಕರು ಉಸಿರೆಳೆದುಕೊಳ್ಳುವ ಹೊತ್ತಿಗೆ ಅಕಾರ್ಡಿಯನ್ ಆ ಸಾಲಿನ ಬಾಲವನ್ನು ಎತ್ತಿಕೊಂಡು ಚಿಕ್ಕದಾಗಿ ಮರುನುಡಿಯುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ವಾದ್ಯದ ತಿದಿಯ ಸದ್ದೂ ಕೇಳಿಸುತ್ತದೆ. ದೊಡ್ಡ ವಾದ್ಯವೃಂದವಿರುವ ಕಡೆ ಪಿಟೀಲುಗಳು ಭಾವವನ್ನು ಗಾಯಕರಿಗಿಂತ ಮೊದಲೇ ಹೇಳಿ ಮುಗಿಸಿಬಿಡುತ್ತವೆ.

ಇನ್ನು ಸಂಕಲನದ ದೋಷಗಳು. ಯಾವ ಹಾಡನ್ನು ಯಾವ ವರ್ಷ ಮುದ್ರಿಸಿದರು, ಅಕಾರ್ಡಿಯನ್ ನುಡಿಸಿದವರು ಯಾರು, ಸಾಹಿತ್ಯ ಜನಪದದ್ದೋ ಕವಿಯದೋ ಎಂಬ ಮಾಹಿತಿ ಎಲ್ಲಿಯೂ ಇಲ್ಲ. ಸೇವೆಯಲ್ಲಿ ತೋರಿಸುವ ವರ್ಷ ಡಿಜಿಟಲ್ ರೂಪಕ್ಕೆ ತಂದ ವರ್ಷ. 1986ರಲ್ಲಿ ತೀರಿಕೊಂಡವರ ಹಾಡಿನ ಪಕ್ಕದಲ್ಲಿ ಈ ಶತಮಾನದ ಇಸವಿಯನ್ನು ಕಂಡ ಹೊಸಬರು ಏನೆಂದು ತಿಳಿಯಬೇಕು? ಎರಡು ಹಾಡುಗಳಲ್ಲಿ ಹಳೆಯ ಮುದ್ರಣದ ಗೊರಗೊರವನ್ನು ತೆಗೆಯಲು ಹೋಗಿ ದನಿಯ ಮೇಲ್ಪದರವನ್ನೂ ಉಜ್ಜಿಹಾಕಿದ್ದಾರೆ. ಸ, ಶ ಕಾರಗಳು ಮಂಕಾಗಿವೆ, ಉಚ್ಚಾರವೇ ಆಸ್ತಿಯಾದ ಗಾಯಕರಿಗೆ ಇದು ಸಣ್ಣ ನಷ್ಟವಲ್ಲ. ಒಂದು ಹಾಡಿನ ಕೊನೆಯ ಸ್ವರ ಪೂರ್ತಿ ಆರುವ ಮೊದಲೇ ಮುಂದಿನದು ಶುರುವಾಗುತ್ತದೆ. ಕ್ರಮವೂ ಯೋಚಿಸಿ ಮಾಡಿದ್ದಲ್ಲ: ನಿಧಾನಗತಿಯ ಹಾಡುಗಳನ್ನೆಲ್ಲ ನಡುವಿಗೆ ಒಟ್ಟಿರುವುದರಿಂದ ಅಲ್ಲಿ ಸಂಕಲನ ಜಗ್ಗುತ್ತದೆ, ಅದರ ಹೊಣೆ ಅನ್ಯಾಯವಾಗಿ ಗಾಯಕರ ತಲೆಗೆ ಬರುತ್ತದೆ.

ಈಗಾಗಲೇ ತಿಂಗಳ ಚಂದಾ ಕಟ್ಟುತ್ತಿರುವವರು ಧಾರಾಳವಾಗಿ ಕೇಳಬಹುದು. ಆದರೆ ಕೊಟ್ಟ ಕ್ರಮದಲ್ಲಿ ಬೇಡ. ‘ಲಾತಿಫ್-ಆಗಾ’ದಿಂದ ಆರಂಭಿಸಿ, ಇಂಗ್ಲಿಷ್ ಅನುವಾದವನ್ನು ಎದುರಿಗಿಟ್ಟುಕೊಂಡು ‘ಎಮಿನಾ’ಕ್ಕೆ ಬಂದು, ಆಮೇಲೆ ‘ಅಜ್ರಾ’ದಂಥ ನಿಧಾನದ ಹಾಡುಗಳಿಗೆ ಹೋಗುವುದು ಒಳ್ಳೆಯದು. ಬಿಡಿಯಾಗಿ ಹಣ ಕೊಟ್ಟು ಈ ಸಂಕಲನವನ್ನು ಕೊಳ್ಳುವಂತೆ ಮಾತ್ರ ನಾನು ಹೇಳಲಾರೆ. ಆ ಹಣಕ್ಕೆ ವಾದಕರ ಹೆಸರು ಮತ್ತು ಸಾಹಿತ್ಯ ಅಚ್ಚಾದ ಹೊದಿಕೆಯಿರುವ ಹಳೆಯ ಧ್ವನಿಮುದ್ರಿಕೆಯೊಂದು ಕೈಗೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.