ಗೆಜ್ಜೆ, ಪೀಂಪೀಂ ಶೂ, ಬ್ಲೂಟೂತ್ ಟ್ಯಾಗ್, ಕೈಪಟ್ಟಿ: ಕಣ್ಣು ಕಾಣದ ಅಮ್ಮನಿಗೆ ಯಾವುದು ಸರಿ?

ಮೊದಲೇ ಹೇಳ್ಬಿಡ್ತೀನಿ, ಓಡಾಡೋ ಮಗು ಎಲ್ಲಿದೆ ಅಂತ ತಿಳ್ಕೊಳ್ಳೋಕೆ ನನ್ನ ವೋಟು ಗೆಜ್ಜೆಗೇ. ಅದೂ ಅಂಗಡೀಲಿ ಅಲ್ಲಾಡಿಸಿ, ಕಿವಿಯಿಂದ ಆರಿಸಿ ತಂದ ಬೆಳ್ಳಿ ಗೆಜ್ಜೆಗೆ. ಮಿಕ್ಕ ಮೂರಕ್ಕೂ ದುಡ್ಡು ಹಾಕಿದೀನಿ, ಒಂದು ಈಗ್ಲೂ ಉಪಯೋಗಕ್ಕೆ ಬರ್ತಿದೆ, ಎರಡು ಅಟ್ಟ ಸೇರಿವೆ.

ನನಗೆ ಹುಟ್ಟಿನಿಂದ ಕಣ್ಣು ಕಾಣಲ್ಲ, ನಮ್ಮೆಜಮಾನ್ರಿಗೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತೆ. ಮೈಸೂರಲ್ಲಿ ಎರಡು ರೂಮಿನ ಬಾಡಿಗೆ ಮನೆ. ಪುಟ್ಟಿ ಮಡಿಲಲ್ಲಿ ಇರೋವರೆಗೆ ಯಾವ ಕಷ್ಟಾನೂ ಅನ್ನಿಸ್ಲಿಲ್ಲ, ಉಸಿರಾಟ ಕೇಳಿದ್ರೇ ನಿದ್ದೇನೋ ಎಚ್ಚರಾನೋ ತಿಳಿಯೋದು. ಎಂಟನೇ ತಿಂಗಳಿಗೆ ಅಂಬೆಗಾಲು ಇಟ್ಲು ನೋಡಿ, ಅಲ್ಲಿಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಶುರು ಮಾಡಿದ್ರು, ಐದು ವರ್ಷ ಆಗೋವರೆಗೆ ಮಗೂನ ಅಜ್ಜಿ ಮನೇಲಿ ಬಿಡಮ್ಮ ಅಂತ. ಒಳ್ಳೇ ಮನಸ್ಸಿಂದಾನೇ ಹೇಳಿದ್ರು, ಆದ್ರೆ ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ, ಭಾರತ 2007ರಲ್ಲೇ ಅದನ್ನ ಒಪ್ಕೊಂಡಿದೆ, ಅಪ್ಪ ಅಮ್ಮನಿಗೆ ಅಂಗವೈಕಲ್ಯ ಇದೆ ಅನ್ನೋ ಕಾರಣಕ್ಕೆ ಮಗೂನ ಅವರಿಂದ ಬೇರೆ ಮಾಡೋಹಾಗಿಲ್ಲ ಅಂತ ಅದರ 23ನೇ ವಿಧಿ ಹೇಳುತ್ತೆ. ಯಜಮಾನ್ರು ಇದನ್ನ ಅತ್ತೆಗೆ ಬಿಡಿಸಿ ಹೇಳಿದ್ರು. ಅತ್ತೆ ಪೂರ್ತಿ ಕೇಳಿ, "ಸರಿ ಕಣಪ್ಪ, ನಿಮ್ಮ ಮಗು ನಿಮ್ಮತ್ರಾನೇ ಇರ್ಲಿ. ಆದ್ರೆ ಅದು ಎಲ್ಲಿದೆ ಅಂತ ನಿಮಗೆ ಗೊತ್ತಾಗೋದು ಹೆಂಗೆ?" ಅಂದ್ರು. ಈ ಖರ್ಚೆಲ್ಲ ಆ ಒಂದು ಪ್ರಶ್ನೆಗೆ.

ಪೀಂಪೀಂ ಶೂ ಮೊದಲು ತಂದಿದ್ದು. ಜೋರಾಗಿ ಕೇಳುತ್ತೆ, ಪಾರ್ಕಲ್ಲಿ ಚೆನ್ನಾಗಿದೆ. ಆದ್ರೆ ಮನೆಯೊಳಗೆ ಯಾರು ಶೂ ಹಾಕ್ತಾರೆ ಹೇಳಿ? ನನಗೆ ಮಗು ಎಲ್ಲಿದೆ ಅಂತ ಗೊತ್ತಾಗ್ಬೇಕಾಗಿದ್ದೇ ಅಡುಗೆ ಮನೆ, ಬಚ್ಚಲು, ಹೊಸಿಲು ಇವುಗಳ ಹತ್ರ. ಅಂಬೆಗಾಲಲ್ಲಂತೂ ಶೂ ಸದ್ದೇ ಮಾಡಲ್ಲ. ಒಂದ್ಸಲ ನೀರು ಹೋಗಿ ಎಡಗಾಲಿಂದು ನಿಂತೇ ಹೋಯ್ತು.

ಬ್ಲೂಟೂತ್ ಟ್ಯಾಗ್ ನಮ್ಮ ಮೈದುನ ತಂದ್ಕೊಟ್ಟಿದ್ದು, ಫ್ರಾಕಿಗೆ ಪಿನ್ ಹಾಕಿ ಫೋನಿಂದ ರಿಂಗ್ ಕೊಟ್ರೆ ಟ್ಯಾಗ್ ಕೂಗುತ್ತೆ. ಕೈ ರಾಗಿ ಹಿಟ್ಟಲ್ಲಿರುವಾಗ ಫೋನ್ ತೆಗೆದು, ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕಲ್ಲಿ ಆಪ್ ಹುಡುಕಿ, ಬಟನ್ ಒತ್ತೋ ಹೊತ್ತಿಗೆ ಮಗು ಇನ್ನೊಂದು ರೂಮಿಗೆ ಹೋಗಿರುತ್ತೆ. ಅದಕ್ಕಿಂತ ಹೆದರಿಕೆ ಆಗಿದ್ದು ಒಳಗಿರೋ ಬಟನ್ ಸೆಲ್. ಮಗು ಅದನ್ನ ನುಂಗಿ ಅನ್ನನಾಳದಲ್ಲಿ ಸಿಕ್ಕಿಹಾಕ್ಕೊಂಡ್ರೆ ಎರಡೇ ಗಂಟೇಲಿ ಒಳಗೆಲ್ಲ ಸುಟ್ಟು ಗಾಯ ಆಗ್ಬಹುದು. ಪುಟ್ಟಿ ಟ್ಯಾಗನ್ನ ಬಾಯಿಗಿಟ್ಟು ಕಚ್ಚೋ ಕಟ್ ಕಟ್ ಸದ್ದು ಕೇಳಿದ ದಿನಾನೇ ಬಿಚ್ಚಿ ಮೇಲಿಟ್ಟೆ.

ಕೈಪಟ್ಟಿ, ಅಂದ್ರೆ ಅವಳ ಕೈಯಿಂದ ನನ್ನ ಕೈಗೆ ಸುರುಳಿ ವೈರಿನ ಪಟ್ಟಿ, ಇದು ದೇವರಾಜ ಮಾರ್ಕೆಟ್ಟಿಗೆ ಹೋಗೋವಾಗ ಈಗ್ಲೂ ಬೇಕು. ಬಲಗೈಲಿ ಬಿಳಿ ಕೋಲು ಇರೋದ್ರಿಂದ ಪಟ್ಟಿ ಎಡಗೈಗೇ, ಇಲ್ದಿದ್ರೆ ಎರಡೂ ಸುತ್ಕೊಳ್ಳುತ್ತೆ. "ಮಗೂನ ಕಟ್ಟಿ ಹಾಕಿದಾರೆ" ಅಂತ ಜನ ಅಂತಾರೆ, ಅನ್ಲಿ, ಗಾಡಿ ಓಡಾಡೋ ಕಡೆ ನಾನು ಅದನ್ನ ಬಿಡಲ್ಲ.

ಇನ್ನು ಗೆಜ್ಜೆ. ಇದರಲ್ಲೂ ಮೊದಲನೇ ಸಲ ಮೋಸ ಹೋದೆ. ನಾಮಕರಣಕ್ಕೆ ಬಂದಿದ್ದ ಜೋಡಿ ಮುಟ್ಟಿದ್ರೆ ನಯ, ಸದ್ದೇ ಇಲ್ಲ. ಆಮೇಲೆ ಅಶೋಕ ರಸ್ತೆಯ ಬೆಳ್ಳಿ ಅಂಗಡಿಗೆ ನಾನೇ ಹೋದೆ. ಅಂಗಡಿಯೋರು ಡಿಸೈನ್ ಹೇಳ್ತಾನೇ ಇದ್ರು, ನಾನು "ಅಣ್ಣ, ಡಿಸೈನ್ ಬೇಡ, ಒಂದೊಂದೇ ಹಿಡ್ಕೊಂಡು ಅಂಗಡಿ ಹಿಂದಕ್ಕೆ ಹೋಗಿ ಅಲ್ಲಾಡಿಸಿ" ಅಂದೆ. ಪಾಪ, ಹನ್ನೊಂದು ಜೋಡಿ ಅಲ್ಲಾಡಿಸಿದ್ರು. ಆರನೇದು ಗೋಡೆ ಆಚೆಯಿಂದಾನೂ ಕೇಳ್ತು. ಒಂದೊಂದು ಕಾಲಿಗೆ ಒಂಬತ್ತು ಮುವ್ವ, ಆಗ ಮೂರು ಸಾವಿರದ ಹತ್ರ ಆಯ್ತು. ಅಂಧ ತಾಯಂದಿರಿಗೆ ರಾಜ್ಯ ಸರ್ಕಾರ ಕೊಡೋ ಶಿಶುಪಾಲನಾ ಭತ್ಯೆ ನನಗೆ ತಿಂಗಳಿಗೆ 2000 ಬರ್ತಿತ್ತು, ಅದರಲ್ಲೇ ತಗೊಂಡೆ. ತುಂಬ ಜನಕ್ಕೆ ಈ ಭತ್ಯೆ ಇರೋದೇ ಗೊತ್ತಿಲ್ಲ, ವಿಕಲಚೇತನರ ಇಲಾಖೆ ಆಫೀಸಲ್ಲಿ ವಿಚಾರಿಸಿ.

ಗೆಜ್ಜೆ ಹಾಕಿದ ಮೇಲೆ ಮನೆಯಲ್ಲಿ ಒಂದು ಲೆಕ್ಕ ಸಿಕ್ತು. ಝಲ್ ಝಲ್ ಅಂತ ಬೇಗ ಬೇಗ ಬಂದ್ರೆ ಹಾಲ್‌ನಿಂದ ಬರ್ತಿದಾಳೆ, ಒಂದೇ ಝಲ್ ಆಗಿ ನಿಂತ್ರೆ ಏನನ್ನೋ ಹಿಡ್ಕೊಂಡು ಎದ್ದು ನಿಂತಿದಾಳೆ, ಸದ್ದಿಲ್ಲ ಅಂದ್ರೆ ಎಲ್ಲಿದ್ರೂ ನಾನು ಎದ್ದು ಓಡ್ಬೇಕು. ಅದಕ್ಕೇ "ಗೆಜ್ಜೆ ಎಲ್ಲಿ?" ಅಂತ ಕೇಳಿದ್ರೆ ಕಾಲು ಅಲ್ಲಾಡ್ಸೋದನ್ನ ಆಟದ ಥರ ಕಲಿಸಿದೆ, ಒಂದು ವರ್ಷ ತುಂಬೋದ್ರೊಳಗೆ ಕಲಿತಳು.

ತೊಂದರೆ ಆಗಿದ್ದು ನಂಜನಗೂಡಲ್ಲಿ ಒಂದು ಮದುವೇಲಿ. ಧಾರೆ ಮುಗಿದು ಎಲ್ಲ ಊಟಕ್ಕೆ ಏಳೋ ಹೊತ್ತು, ವಾಲಗ ಬೇರೆ, ಪುಟ್ಟಿ ಮಡಿಲಿಂದ ಜಾರಿದ್ಲು. ಗೆಜ್ಜೆ ಸದ್ದು ಹಿಡ್ಕೊಂಡು ಹೊರಟೆ. ಎಡಕ್ಕೆ ಹೋಯ್ತು, ಕುರ್ಚಿಗಳ ಸಂದಿ ದಾಟಿ ಬಾಗಿಲ ಹತ್ರ ನಿಂತ್ತು, ಬಗ್ಗಿ ಬಾಚಿ ತಬ್ಕೊಂಡೆ. ಕೈಗೆ ಎರಡು ಜಡೆ ಸಿಕ್ತು. ನನ್ನ ಮಗಳಿಗೆ ಮುಡಿ ಕೊಟ್ಟು ಆಗಿನ್ನೂ ಒಂದು ತಿಂಗಳು.

ಆವಾಗ ಕಿವಿಗೆ ಬಿತ್ತು, ಛತ್ರದ ತುಂಬ ಗೆಜ್ಜೆ. ಮದುವೆ ಅಂದ್ಮೇಲೆ ಎಲ್ಲ ಮಕ್ಕಳಿಗೂ ಹಾಕಿರ್ತಾರಲ್ಲ, ನನಗೆ ಅದು ಹೊಳೆದೇ ಇರ್ಲಿಲ್ಲ. ಸುತ್ತ ಏಳೆಂಟು ಝಲ್ ಝಲ್, ಅದರಲ್ಲಿ ನನ್ನದು ಯಾವುದು? ಜೋರಾಗಿ "ಪುಟ್ಟೀ, ಗೆಜ್ಜೆ ಎಲ್ಲಿ?" ಅಂತ ಕೂಗ್ದೆ, ವಾಲಗದಲ್ಲಿ ಮುಳುಗಿ ಹೋಯ್ತು. ಐದು ನಿಮಿಷ ಆಗಿರ್ಬಹುದು ಅಷ್ಟೆ, ಕೈ ತೊಳೆಯೋ ಜಾಗದ ಹತ್ರ ಅಡುಗೆಯವರ ಅಮ್ಮ ಒಬ್ಬರು ಎತ್ಕೊಂಡಿದ್ರು. ಆ ಐದು ನಿಮಿಷ ನೆನೆಸ್ಕೊಂಡ್ರೆ ಈಗ್ಲೂ ಕೈ ತಣ್ಣಗಾಗುತ್ತೆ.

ಪಕ್ಕದ ಮನೆ ಹುಡುಗಿ ಭರತನಾಟ್ಯ ಕಲೀತಾಳೆ, ಅವಳ ಹಳೇ ಗೆಜ್ಜೆಯಿಂದ ಒಂದು ಕಂಚಿನ ಮುವ್ವ ಇಸ್ಕೊಂಡು ಬಲಗಾಲಿನ ಗೆಜ್ಜೆಗೆ ಬೆಸುಗೆ ಹಾಕಿಸ್ದೆ. ಈಗ ನಡೆದ್ರೆ ಝಲ್, ಟಿಣ್, ಝಲ್, ಟಿಣ್. ಎಷ್ಟು ಮಕ್ಕಳ ಮಧ್ಯೆ ಇದ್ರೂ ಆ ಟಿಣ್ ನನಗೆ ಸಿಗುತ್ತೆ. ಉದುರಿದ್ರೆ ನುಂಗೋ ಭಯ ಇದ್ದೇ ಇದೆ, ಹಂಗಾಗಿ ರಾತ್ರಿ ಬಿಚ್ಚಿದಾಗ ಬೆರಳಲ್ಲಿ ಎಣಿಸಿ ಇಡ್ತೀನಿ, ಎಡಕ್ಕೆ ಒಂಬತ್ತು, ಬಲಕ್ಕೆ ಹತ್ತು.

ಮನೇಲಿ ಕಣ್ಣು ಕಾಣೋರು ಒಬ್ಬರು ಯಾವಾಗ್ಲೂ ಇರ್ತಾರೆ ಅನ್ನೋರಿಗೆ ಶೂ ಸಾಕಾಗ್ಬಹುದು. ನಮ್ಮ ಹಂಗೆ ಇಬ್ಬರೇ ಇರೋರು ಗೆಜ್ಜೆ ತಗೊಳ್ಳಿ, ಹೊರಗಡೆಗೆ ಕೈಪಟ್ಟಿ ಜೊತೆಗಿರ್ಲಿ. ಗೆಜ್ಜೆ ಚಿಕ್ಕದಾದ್ರೆ ಹಳೇದನ್ನ ಹಾಕಿ ಹೊಸದು ತರಬಹುದು, ಬೆಳ್ಳಿ ದುಡ್ಡು ಪೂರ್ತಿ ಕೈಬಿಟ್ಟು ಹೋಗಲ್ಲ.

ಪುಟ್ಟಿಗೆ ಈಗ ಮೂರೂವರೆ, ಗೆಜ್ಜೆ ಬಿಗಿ ಆಗಿದೆ. ಭಾನುವಾರ ಅದೇ ಅಂಗಡಿಗೆ ಹೋಗ್ತಿದೀವಿ. ಟಿಣ್ ಅನ್ನೋದನ್ನ ಮಾತ್ರ ಅಂಗಡಿಯೋರಿಗೆ ಕೊಡ್ಬೇಡ ಅಂತ ನಿನ್ನೆಯಿಂದ ಹೇಳ್ತಾನೇ ಇದಾಳೆ.