16 ಕೆ.ಜಿ. ಪೆಟ್ಟಿಗೆಯೋ, ಕೈಯಲ್ಲಿ ಹಿಡಿಯೋ ಯಂತ್ರವೋ: ನನ್ನ ಸ್ಪೆಕ್ಟ್ರಮ್ ಅನಲೈಸರ್ ಪುರಾಣ

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಟೈನಿಎಸ್ಎ ಅಲ್ಟ್ರಾ ಅನ್ನೋ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರ್‌ಗೆ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲದ ರೇಡಿಯೋ ಸಿಗ್ನಲ್ ಇದೆ ಅಂತ ಪರದೆ ಮೇಲೆ ತೋರಿಸುವ ಯಂತ್ರಕ್ಕೆ. 4 ಇಂಚಿನ ಪರದೆ, ಅಂಗಿ ಜೇಬಿನಲ್ಲಿ ಹೇಗೋ ತುರುಕಬಹುದು. ಇದನ್ನೇ ಮೊದಲು ಕೊಂಡಿದ್ದರೆ ನನಗೆ 60 ಸಾವಿರ ಉಳಿಯುತ್ತಿತ್ತು. ಆದರೆ ನನಗೆ ಮೊದಲು ಬೇಕಾಗಿದ್ದು "ಲ್ಯಾಬ್‌ನಲ್ಲಿರುವಂಥದ್ದು". ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬೆಂಚ್ ಅನಲೈಸರ್ ತಂದೆ, ಮೇಜಿನ ಮೇಲಿಟ್ಟು ಬಳಸುವಂಥದ್ದು. 16 ಕೆ.ಜಿ. ಭಾರ, ಹಳೇ ಟಿವಿ ಥರ ಪಿಕ್ಚರ್ ಟ್ಯೂಬ್, ಸುತ್ತ ಮೂವತ್ತೋ ನಲವತ್ತೋ ಬಟನ್. ನೋಡಿದವರಿಗೆಲ್ಲ ನಾನು ಸೈಂಟಿಸ್ಟ್ ಥರ ಕಾಣುತ್ತಿದ್ದೆ, ಅಷ್ಟು ಲಾಭ ಆಯ್ತು ಅನ್ನಿ.

ನಾನು ಗಂಗಾವತಿಯಲ್ಲಿ ವಾಕಿಟಾಕಿ ರಿಪೇರಿ ಮಾಡುವವನು. ಸಂಡೂರು ಕಡೆ ಗಣಿಗಳಿಂದ, ಇಲ್ಲಿನ ರೈಸ್ ಮಿಲ್‌ಗಳಿಂದ ಸೆಟ್ ಬರುತ್ತವೆ. ಅರ್ಧ ಕೆಲಸ ಅಂಗಡಿಯಲ್ಲಿ, ಅರ್ಧ ಹೊರಗೆ. ಈ ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ಬೆಂಚ್ ಪೆಟ್ಟಿಗೆಯ ತೊಂದರೆ ಅದು ಅಳೆಯುವುದರಲ್ಲಿ ಇರಲಿಲ್ಲ, ಕರೆಂಟಿನಲ್ಲಿತ್ತು. ಈ ಥರದ ಯಂತ್ರ ಆನ್ ಮಾಡಿದ ಮೇಲೆ ಅರ್ಧ ಗಂಟೆ ಬಿಸಿಯಾಗಬೇಕು, ಒಳಗೆ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್‌ಗಳು ಸ್ಥಿರವಾಗಬೇಕು, ಆಮೇಲೆ ಅಳೆದರೆ ಮಾತ್ರ ಅದು ಹೇಳಿದ್ದನ್ನು ನಂಬಬಹುದು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಆನ್ ಮಾಡುತ್ತಿದ್ದೆ. ಚಹಾ ಕುಡಿದು ಬಂದು ಮೊದಲ ಸೆಟ್ಟಿಗೆ ಕೇಬಲ್ ಹಾಕುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಶುರುವಿಂದ.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಒಳಗೆ ಒಂದು ಲಿಥಿಯಂ ಬ್ಯಾಟರಿ ಇರುತ್ತದೆ, ಕ್ಯಾಲಿಬ್ರೇಶನ್ ಅಂಕಿಗಳನ್ನು, ಅಂದರೆ ಅಳತೆ ಸರಿಹೊಂದಿಸಿದ ಲೆಕ್ಕವನ್ನು ನೆನಪಿಟ್ಟುಕೊಳ್ಳೋಕೆ. ನನ್ನದರಲ್ಲಿ ಅದು ಸತ್ತಿತ್ತು. ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಪ್ರತಿ ಸಲ ಕರೆಂಟ್ ಹೋದಾಗ ಅದು ಎಲ್ಲ ಮರೆತು ಕೂರುತ್ತಿತ್ತು, ನಾನು ಅದರದ್ದೇ ಕ್ಯಾಲಿಬ್ರೇಶನ್ ಸಿಗ್ನಲ್ ಬರುವ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಸಣ್ಣ ಕೇಬಲ್ ಸಿಕ್ಕಿಸಿ ಮತ್ತೆ ಪಾಠ ಹೇಳಿಕೊಡಬೇಕು, ಅಷ್ಟರಲ್ಲಿ ಗಿರಾಕಿ "ಅಣ್ಣಾ, ಸಂಜೆ ಬರ್ತೀನಿ" ಅಂತ ಹೊರಟಿರುತ್ತಿದ್ದ. ಇನ್‌ವರ್ಟರ್ ಮೇಲೆ ಹಾಕಿ ನೋಡಿದೆ. ನನ್ನ ಅಗ್ಗದ ಇನ್‌ವರ್ಟರ್‌ನ ಗಲೀಜೆಲ್ಲ ಪರದೆ ಮೇಲೆ ಹುಲ್ಲಿನ ಥರ ಎದ್ದು ನಿಂತಿತು. ಸದ್ದು ಹುಡುಕೋಕೆ ತಂದ ಯಂತ್ರಕ್ಕೆ ಮನೆಯ ಸದ್ದೇ ಕಾಟ! ಬೇಸಿಗೆಯಲ್ಲಂತೂ ಅದರ ಹಿಂದಿನ ಫ್ಯಾನ್ ಬಿಸಿಗಾಳಿಯನ್ನು ನನ್ನ ಮೇಲೇ ಊದುತ್ತಿತ್ತು.

ಟೈನಿಎಸ್ಎ ಬ್ಯಾಟರಿ ಮೇಲೆ ನಡೆಯುತ್ತದೆ. ಆನ್ ಮಾಡು, ಅಳೆ. ಈ ಒಂದು ಕಾರಣಕ್ಕೇ ನಾನು ಸೋತುಹೋದೆ.

ಕಳೆದ ವರ್ಷ ಒಂದು ಮಿಲ್‌ನಲ್ಲಿ ಸಂಜೆಯಾದರೆ ವಾಕಿಟಾಕಿಯಲ್ಲಿ ಕರಕರ. ಸೆಟ್ ಬದಲಿಸಿದರು, ಆಂಟೆನಾ ಬದಲಿಸಿದರು, ಹೋಗಲಿಲ್ಲ. ಕೋ-ಆಕ್ಸ್ (ಆಂಟೆನಾ ಕೇಬಲ್) ತುಂಡನ್ನು ಬಳೆ ಥರ ಸುತ್ತಿ ಟೈನಿಎಸ್ಎಗೆ ಹಾಕಿಕೊಂಡು ಅಂಗಳದಲ್ಲಿ ನಡೆದೆ. ಪರದೆ ಮೇಲೆ 150 ಮೆಗಾಹರ್ಟ್ಸ್ ಸುತ್ತ ಒಂದು ಗುಡ್ಡ. ಗೇಟಿನ ಹತ್ತಿರ ಹೋದಷ್ಟೂ ಗುಡ್ಡ ಏರುತ್ತಿತ್ತು. ಮೇಲೆ ನೋಡಿದರೆ ಹೊಸ ಎಲ್‌ಇಡಿ ಫ್ಲಡ್‌ಲೈಟ್. ಸ್ವಿಚ್ ಆಫ್ ಮಾಡಿಸಿದೆ, ಗುಡ್ಡ ಮಾಯ. 16 ಕೆ.ಜಿ. ಹೊತ್ತುಕೊಂಡು ಭತ್ತದ ರಾಶಿ ನಡುವೆ ಹೀಗೆ ಓಡಾಡೋಕೆ ಆಗುತ್ತಿತ್ತಾ?

ಕಂಪ್ಯೂಟರ್‌ನ ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬಗ್ಗೆ ಎರಡೇ ಮಾತು. ಅಗ್ಗ, ಒಳ್ಳೆಯದು, ಆದರೆ 8 ಬಿಟ್ (ದೊಡ್ಡ ಸಿಗ್ನಲ್, ಸಣ್ಣ ಸಿಗ್ನಲ್ ಎರಡನ್ನೂ ಒಟ್ಟಿಗೆ ತೋರಿಸೋದು ಕಷ್ಟ), ಒಂದು ಸಲಕ್ಕೆ ಕಾಣೋದು ಸುಮಾರು 2.4 ಮೆಗಾಹರ್ಟ್ಸ್ ಅಗಲ, ಮತ್ತು ಡಿಬಿಎಂನಲ್ಲಿ, ಅಂದರೆ ಸಿಗ್ನಲ್‌ನ ಬಲ ಅಳೆಯುವ ಮಾನದಲ್ಲಿ, ಲೆಕ್ಕ ಕೊಡಲ್ಲ. ಕ್ಷಣಕ್ಕೊಮ್ಮೆ ಬಂದು ಹೋಗುವ ಸಿಗ್ನಲ್ ಹಿಡಿಯೋಕೆ ಮಾತ್ರ ಅದರ ವಾಟರ್‌ಫಾಲ್‌ಗೆ (ಸಿಗ್ನಲ್‌ಗಳು ಕಾಲಕ್ರಮದಲ್ಲಿ ಪರದೆ ಮೇಲೆ ಜಲಪಾತದ ಥರ ಇಳಿಯುವ ಚಿತ್ರ) ಸಾಟಿ ಇಲ್ಲ, ಯಾಕೆಂದರೆ ಉಳಿದ ಎರಡೂ ಒಂದು ತುದಿಯಿಂದ ಇನ್ನೊಂದಕ್ಕೆ ಗುಡಿಸುತ್ತಾ ಹೋಗುತ್ತವೆ, ಪೊರಕೆ ಇಲ್ಲಿರುವಾಗ ಅಲ್ಲಿ ಬಿದ್ದಿದ್ದು ಕಾಣಲ್ಲ.

ಯಾವುದನ್ನು ಕೊಂಡರೂ ನಾನು ಮಾಡಿದ ತಪ್ಪು ಮಾಡಬೇಡಿ. 5 ವ್ಯಾಟ್ ಸೆಟ್ ಅಂದರೆ 37 ಡಿಬಿಎಂ. 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಬಲ ತಗ್ಗಿಸುವ ಸಾಧನ) ಹಾಕಿ ಸಾಕು ಅಂದುಕೊಂಡೆ, ಒಳಗಿನ ಅಟೆನ್ಯುಯೇಶನ್ ಸೊನ್ನೆ ಇಟ್ಟಿದ್ದೆ. 145 ಮೆಗಾಹರ್ಟ್ಸ್ ಸಿಗ್ನಲ್‌ಗೆ ಅದರ ಎರಡರಷ್ಟಾದ 290ರಲ್ಲಿ ದೊಡ್ಡ ಹಾರ್ಮೋನಿಕ್ (ಬೇಡದ ಮರಿ ಸಿಗ್ನಲ್) ಕಂಡಿತು. ಸೆಟ್ ಕೆಟ್ಟಿದೆ ಅಂತ ಗಿರಾಕಿಗೆ ಹೇಳಿಯೂ ಬಿಟ್ಟೆ. ಆಮೇಲೆ ಒಳಗೆ 10 ಡಿಬಿ ಏರಿಸಿದಾಗ ಮುಖ್ಯ ಸಿಗ್ನಲ್ ಇದ್ದಲ್ಲೇ ಇತ್ತು, ಹಾರ್ಮೋನಿಕ್ ಮಾತ್ರ ಕುಸಿಯಿತು. ಒಳಗೆ ತಗ್ಗಿಸಿದ್ದನ್ನು ಯಂತ್ರ ತಾನೇ ಲೆಕ್ಕಕ್ಕೆ ಹಿಡಿದು ತೋರಿಸುತ್ತದೆ, ಹಾಗಾಗಿ ನಿಜವಾದದ್ದಾಗಿದ್ದರೆ ಅದೂ ಕದಲಬಾರದಿತ್ತು. ಓವರ್‌ಲೋಡ್ ಆಗಿ ಯಂತ್ರದೊಳಗೇ ಹುಟ್ಟಿದ್ದು. ಆ ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ.

ನನ್ನ ಟೈನಿಎಸ್ಎಯಲ್ಲಿ 800 ಮೆಗಾಹರ್ಟ್ಸ್ ದಾಟಬೇಕೆಂದರೆ ಮೆನುವಿನಲ್ಲಿ 4321 ಒತ್ತಿ ಅಲ್ಟ್ರಾ ಮೋಡ್ ತೆರೆಯಬೇಕು. ನಕಲಿಗಳೂ ಜಾಸ್ತಿ ಇವೆ, ನೋಡಿ ಕೊಳ್ಳಿ. ರೆಸಲ್ಯೂಶನ್ ಬ್ಯಾಂಡ್‌ವಿಡ್ತ್ (ಎಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡುತ್ತದೆ ಅನ್ನೋದು) 200 ಹರ್ಟ್ಸ್‌ಗೆ ಇಳಿಸಿ ಅಗಲವಾಗಿ ನೋಡಹೊರಟರೆ ಒಂದು ಚಹಾ ಮುಗಿಯುತ್ತದೆ. ದೊಡ್ಡ ಸಿಗ್ನಲ್ ಪಕ್ಕದಲ್ಲೇ ಅಂಟಿಕೊಂಡ ಸಣ್ಣದನ್ನು ನೋಡೋಕೆ ಬೆಂಚ್ ಪೆಟ್ಟಿಗೆಯೇ ಸೈ, ಅದರ ಫೇಸ್ ನಾಯ್ಸ್, ಅಂದರೆ ಯಂತ್ರದ ಆಸಿಲೇಟರ್‌ನ ನಡುಕದಿಂದ ಸಿಗ್ನಲ್ ಅಕ್ಕಪಕ್ಕ ಹರಡುವ ಗಲೀಜು, ಅಷ್ಟು ಕಡಿಮೆ. ಲ್ಯಾಬ್ ಇದ್ದು, ಒಳ್ಳೆ ಯುಪಿಎಸ್ ಇದ್ದು, ಯಂತ್ರ ಕದಲಿಸುವ ಅಗತ್ಯ ಇಲ್ಲದವರು ಅದನ್ನೇ ಕೊಳ್ಳಲಿ. ಒಳಗಿನ ಬ್ಯಾಟರಿ ಬದುಕಿದೆಯಾ ಅಂತ ಕೇಳಿ.

ನನ್ನದನ್ನು ಇನ್ನೂ ಮಾರಿಲ್ಲ. ತಿಂಗಳಿಗೊಮ್ಮೆ ಆನ್ ಆಗುತ್ತದೆ. ಉಳಿದ ದಿನ ಅದರ ತಲೆ ಮೇಲೆ ಟೈನಿಎಸ್ಎ ಚಾರ್ಜಿಗೆ ಕೂತಿರುತ್ತದೆ.